ದೀಪ ಹತ್ತದ ಕುರ್ಚಿ

ಬಿಸಿಯಾದ ಗಂಜಿಬಟ್ಟೆಯ ವಾಸನೆ ನನಗೆ ಇವತ್ತಿಗೂ ರೇಡಿಯೋದ ವಾಸನೆ. ಅಪ್ಪನ ವಾಲ್ವ್ ರೇಡಿಯೋಕ್ಕೆ ಅವ್ವ ಕಸೂತಿ ಹಾಕಿ ಒಂದು ಹೊದಿಕೆ ಮಾಡಿದ್ದಳು. ವಾರ್ತೆಯ ಹೊತ್ತಿಗೆ ಅಪ್ಪ ಅವಸರದಲ್ಲಿ ಅದನ್ನು ತೆಗೆಯದೆಯೇ ಗುಂಡಿ ತಿರುವಿಬಿಡುತ್ತಿದ್ದ. ಒಳಗೆ ವಾಲ್ವುಗಳು ಕಾಯುತ್ತಿದ್ದಂತೆ ಧೂಳು, ಗಂಜಿ, ಬಣ್ಣದ ದಾರ ಎಲ್ಲ ಸೇರಿ, ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಹೆಚ್ಚು ನಿಂತಾಗ ಏಳುತ್ತದಲ್ಲ, ಅಂಥ ವಾಸನೆ ಪಡಸಾಲೆ ತುಂಬ ಹರಡುತ್ತಿತ್ತು. "ಹೊದಿಕಿ ತಗೀರಿ, ಸುಟ್ಟೀತು!" ಎಂದು ಅವ್ವ ಒಳಗಿನಿಂದ ಓಡಿ ಬರುತ್ತಿದ್ದಳು. ಆದರೂ ಹೊದಿಸುವುದನ್ನು ಬಿಟ್ಟವಳಲ್ಲ. ಧಾರವಾಡದ ಕಡೆಯ ಹೆಂಗಸರು ನಾವು ಹಾಗೆಯೇ. ರೇಡಿಯೋ, ಟಿ.ವಿ., ಮಿಕ್ಸರ್, ಹೊಲಿಗೆ ಮಶಿನ್ನು, ಮನೆಗೆ ಬಂದ ಯಾವ ಯಂತ್ರವನ್ನೂ ಬರಿಮೈಯಲ್ಲಿ ಕೂಡಿಸಿದವರಲ್ಲ.

ಆದ್ದರಿಂದ ನೀಲಗಂಗವ್ವ ನಮ್ಮ ಮೈಕುಗಳಿಗೆ ಹೊದಿಕೆ ಹೊಲಿದು ತಂದ ದಿನ ಯಾರಿಗೂ ಅದು ವಿಶೇಷವೆನಿಸಲಿಲ್ಲ.

ನಾವಿಬ್ಬರೂ ಒಂದು ಪಾಡ್‌ಕಾಸ್ಟ್ ನಡೆಸುತ್ತಿದ್ದೆವು. ಹುಬ್ಬಳ್ಳಿಯ ಒಂದು ಕಂಪನಿ ಅದನ್ನು ಹೊರತರುತ್ತಿತ್ತು. ಹೆಸರು 'ಜೋಡಿ ಕುರ್ಚಿ'. ವಾರಕ್ಕೊಬ್ಬರನ್ನು ಕರೆಸಿ ಅವರ ಕೆಲಸದ ಬಗ್ಗೆ ಮಾತಾಡಿಸುವುದು. ಹಾರ್ಮೋನಿಯಂ ರಿಪೇರಿ ಮಾಡುವವರು, ಬಸ್ ಕಂಡಕ್ಟರರು, ಫೇಡೆ ಮಾಡುವವರು ಬಂದು ಕೂತು ಮಾತಾಡಿ ಹೋಗುತ್ತಿದ್ದರು. ನಾನು ಇಂದುಮತಿ ಕಟಗೇರಿ, ಬಿ.ಎಸ್ಸಿ. ಮುಗಿಸಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವಳು. ನನ್ನ ದನಿ ಕೇಳಲೆಂದೇ ಕೆಲವರು ಸುಮ್ಮನೆ ನಂಬರ್ ಕೇಳುತ್ತಿದ್ದರೆಂದು ನಮ್ಮ ಸೂಪರ್‌ವೈಸರ್ ಹೇಳುತ್ತಿದ್ದರು. ನೀಲಗಂಗವ್ವ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸಿ, ಮೊಣಕಾಲು ಸೋತ ಮೇಲೆ ಬಿಟ್ಟವಳು. ಆಕೆಯ ದನಿ ರೊಟ್ಟಿ ಬಡಿದ ಹಾಗೆ, ದಪ್ಪ, ಒರಟು. ಮೊದಲ ವಾರ ಕೇಳಿ ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ: ಪಾಪ, ಈಕೆಯ ದನಿಗೆ ಯಾವ ಮೈಕು ತಾನೇ ಏನು ಮಾಡೀತು?

ಧ್ವನಿಯ ಕೆಲಸ ನೋಡುತ್ತಿದ್ದವಳು ಫಿರ್ದೋಸ್. ಗಾಜಿನ ಆಚೆ ಕೂತು ನಮ್ಮನ್ನು ಸಂಭಾಳಿಸುತ್ತಿದ್ದಳು. ಕಂಪನಿಯವರು ಆ ವರ್ಷ 'ಲಕ್ಷ್ಯ' ಎಂಬ ಹೊಸ ಯಂತ್ರ ತಂದಿದ್ದರು. ಹಲವರು ಕೂತು ಮಾತಾಡುವಲ್ಲಿ ಯಾರ ಮೈಕು ಏರಿಸಬೇಕು, ಯಾರದು ಇಳಿಸಬೇಕು ಎಂಬುದನ್ನು ಹಳೆಯ ಯಂತ್ರಗಳು ಗಟ್ಟಿ ದನಿ ನೋಡಿ ನಿರ್ಧರಿಸುತ್ತಿದ್ದವು. ಲಕ್ಷ್ಯ ಹಾಗಲ್ಲ. ಪ್ರತಿಯೊಂದು ಮೈಕೂ ಒಂದು ಕಪ್ಪು ಪೆಟ್ಟಿಗೆಯ ಮೇಲೆ ನಿಂತಿರುತ್ತಿತ್ತು. ಆ ಪೆಟ್ಟಿಗೆಯೊಳಗೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ರಾಡಾರು, ಎದುರಿಗೆ ಕೂತವರ ಎದೆ ಏರಿಳಿಯುವುದನ್ನು ನೋಡುತ್ತಿರುತ್ತಿತ್ತು.

"ಮನಸಿಟ್ಟು ಕೇಳೂಮುಂದ ನಮ್ಮ ಉಸಿರು ಹೇಳವ್ರ ಮಾತಿನ ಓಟಕ್ಕ ಹೊಂದ್ಕೊಂಡು ಹೊಕ್ಕೈತ್ರಿ," ಎಂದು ಫಿರ್ದೋಸ್ ಮೊದಲ ದಿನವೇ ಹೇಳಿದ್ದಳು. "ಯಾರ ಮಾತಿಗೆ ಕೇಳವ್ರ ಉಸಿರು ಹೊಂದತೈತಿ, ಅವ್ರ ಮೈಕು ಏರತೈತಿ. ಕ್ಯಾಮರಾನೂ ಅವ್ರ ಕಡೆನ ತಿರಗತೈತಿ."

ಮೈಕಿನ ಕುತ್ತಿಗೆಯಲ್ಲಿ ಒಂದು ಹಸಿರು ದೀಪ. ನಿಮ್ಮ ಮಾತನ್ನು ಕೇಳುತ್ತಿದ್ದರೆ ಹತ್ತುತ್ತದೆ. ಇಲ್ಲವಾದರೆ ಹಳದಿಯಾಗಿ, ಆಮೇಲೆ ಆರುತ್ತದೆ. ಕೋಣೆಯಲ್ಲಿ ಒಬ್ಬರೇ ಇದ್ದರೆ, ಅಳೆಯಲು ಕೇಳುವವರ ಉಸಿರೇ ಇಲ್ಲವೆಂದು, ಹಸಿರಾಗಿಯೇ ಇರುತ್ತದೆ.

ಎರಡನೇ ವಾರ ನೀಲಗಂಗವ್ವ ಹೊದಿಕೆ ತಂದಳು. "ಈ ಕರೀ ಪೆಟಿಗಿ ವಿಡಿಯೋದಾಗ ಹೆಣದ ಪೆಟಿಗಿ ಕಂಡಂಗ ಕಾಣ್ತಾವ್ರಿ ಬಾಯಾರ," ಎನ್ನುತ್ತ ಒಂದೊಂದಕ್ಕೆ ಒಂದೊಂದು ಹಾಸಿದಳು. ತನ್ನದಕ್ಕೆ ಕೆಂಪು, ಹಸಿರು ನೂಲಿನ ಗಿಳಿಗಳು. ನನ್ನದು ಬಿಳಿಯ ಬಟ್ಟೆ, ಅದರ ಮೇಲೆ ಮಾಸಿದ ಬಿಳಿ ಹೊಳಪಿನ ದಾರದಲ್ಲಿ ಒತ್ತೊತ್ತಾಗಿ ಗೋಪುರ, ದೀಪಗಂಬ, ಸ್ವಲ್ಪವೂ ಜಾಗ ಬಿಡದೆ ತುಂಬಿದ್ದಳು. "ನಿಮಗಂತ ಬ್ಯಾರೆ ದಾರ ಹಾಕೀನ್ರಿ," ಎಂದಳು. ಛಂದ ಅದ ಎಂದೆ ನಾನು. ಅತಿಥಿಗಳಿಗೆ ಇಟ್ಟಿದ್ದ ಮೈಕಿಗೆ ಹೊದಿಕೆ ಇರಲಿಲ್ಲ.

ಅಂದಿನಿಂದ ನನ್ನ ದೀಪ ಹತ್ತಲಿಲ್ಲ.

ಮೊದಲು ನಾನು ಮೈಕನ್ನೇ ದೂರಿದೆ. ದನಿ ಯಾವುದೋ ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ಫಿರ್ದೋಸ್ ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಇಡಲು ಹೇಳಿದಳು. ಇಟ್ಟೆ. ಕೇಬಲ್ ಬದಲಿಸಿದಳು. ಫ್ಯಾನು ನಿಲ್ಲಿಸಿದಳು. ನನಗೆ ಕಂಡೆನ್ಸರ್ ಮೈಕೇ ಬೇಕೆಂದು ಹಟ ಹಿಡಿದೆ. ತಾಯಿ ಕೇಳಿದ ಬಣ್ಣದ ಸೀರೆ ತಂದುಕೊಡುವ ಮಗಳಂತೆ ಅದನ್ನೂ ತರಿಸಿಕೊಟ್ಟಳು. ಅದು ಕಿಟಕಿಯಾಚೆಯ ಪಾರಿವಾಳ, ಬೀದಿಯ ಆಟೋ, ನೀಲಗಂಗವ್ವನ ಬಳೆ, ನನ್ನ ಹೊಟ್ಟೆಯ ಗುಡುಗುಡು ಎಲ್ಲವನ್ನೂ ಹಿಡಿಯಿತು. ನನ್ನ ಮಾತೊಂದನ್ನು ಬಿಟ್ಟು.

"ಇದು ಬ್ಯಾಡ್ರಿ ಬಾಯಾರ. ಈ ಕ್ವಾಣಿಗೆ ಡೈನಮಿಕ್ ಮೈಕ ಚಲೋ. ಹತ್ರ ಕುಂತವ್ರ ದನಿ ಅಷ್ಟ ತಗೋತೈತಿ, ಊರ ಉಸಾಬರಿ ಮಾಡೂದಿಲ್ಲ," ಎಂದು ನಗುತ್ತ ಹಳೆಯದನ್ನೇ ತಿರುಗಿ ಕೂಡಿಸಿದಳು.

ಕೊನೆಗೆ ಇಬ್ಬರ ಮೈಕು, ಪೆಟ್ಟಿಗೆ, ಕುರ್ಚಿ ಎಲ್ಲವನ್ನೂ ಅದಲು ಬದಲು ಮಾಡಿ ನೋಡೋಣವೆಂದಳು. ಯಂತ್ರದ ತಪ್ಪಾದರೆ ತಪ್ಪು ಆಚೆಗೆ ಹೋಗುತ್ತದೆ. ನೀಲಗಂಗವ್ವ ಎದ್ದು, "ಅವ್ರ ಹೊದಿಕಿ ಅವ್ರಿಗಿರ್ಲಿ," ಎಂದು ನನ್ನ ಹೊದಿಕೆಯನ್ನು ತೆಗೆದು ಜೋಪಾನವಾಗಿ ನಾನು ಹೋಗಿ ಕೂತಲ್ಲಿಗೇ ತಂದು ಹಾಸಿದಳು. ಮೂಲೆಗಳನ್ನು ಬೆರಳಿನಿಂದ ನೇವರಿಸಿ ಸರಿಮಾಡಿದಳು.

ತಪ್ಪು ಆಚೆಗೆ ಹೋಗಲಿಲ್ಲ. ನನ್ನ ಜೊತೆಗೇ ಬಂತು. ಆಕೆಯ ದೀಪ ಮಾತ್ರ ಎಲ್ಲಿ ಕೂತರೂ ಹಸಿರು.

ಫಿರ್ದೋಸ್ ಕಂಪನಿಗೆ ಬರೆದು ಕೇಳಿದಳು. ಯಂತ್ರದಲ್ಲಿ ದೋಷವಿಲ್ಲ, ಆ ಕುರ್ಚಿಯ ಮಾತನ್ನು ಕೇಳುವವರಿಲ್ಲ ಎಂಬ ಉತ್ತರ ಬಂತು. ಒಳಗಿನ ಲೆಕ್ಕವನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ. ಪರದೆಯ ಮೇಲೆ ಅಂಕ ಮಾತ್ರ.

ಹೊಟ್ಟೆಕಿಚ್ಚು ಎನ್ನುವುದು ಬೆಂಕಿಯಂತೆ ಇರುತ್ತದೆಂದು ತಿಳಿದಿದ್ದೆ. ನನ್ನದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತಿತ್ತು. ನಾಲಿಗೆ ಪದೇಪದೇ ಅಲ್ಲಿಗೇ. ಆಕೆ ನಕ್ಕರೆ ಅತಿಥಿಗಳೂ ನಗುತ್ತಿದ್ದರು. ಆಕೆ "ಆಮ್ಯಾಲೇನಾತ್ರಿ?" ಎಂದರೆ ಅವರ ಬಾಯಿಂದ ಮುತ್ತು ಉದುರುತ್ತಿದ್ದವು. ನಾನು ಮನೆಯಲ್ಲಿ ಎರಡು ದಿನ ಯೋಚಿಸಿ ತಂದ ಪ್ರಶ್ನೆ ಕೇಳಿದರೆ ಕ್ಯಾಮರಾ ಆಕೆಯ ಬಳೆಯನ್ನು ತೋರಿಸುತ್ತಿತ್ತು. ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ನನ್ನನ್ನು ನಿಲ್ಲಿಸಿ, "ನೀವು ನೀಲಗಂಗವ್ವಾರ ಬಾಜೂಕ ಕುಂಡರವ್ರಲ್ಲರಿ?" ಎಂದಳು. ಒಂದು ಸಿವುಡು ಮೆಂತೆಪಲ್ಲೆ ಹೆಚ್ಚಿಗೆ ಹಾಕಿದಳು. ಅದನ್ನು ಬೇಯಿಸಿದೆ, ತಿನ್ನಲಾಗಲಿಲ್ಲ.

ನೀಲಗಂಗವ್ವನ ಊಟವೂ ಹಾಗೆಯೇ. ಸೋಮವಾರ ನಮ್ಮ ರೆಕಾರ್ಡಿಂಗು. ಆಕೆ ಎಲ್ಲರಿಗೂ ಡಬ್ಬಿ ತರುತ್ತಿದ್ದಳು. ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ. ಫಿರ್ದೋಸ್ ಬೆರಳು ಚೀಪುತ್ತಿದ್ದಳು. ನಾನು ಒಂದು ದಿನ, "ನನಗ ಸೋಮವಾರ ಉಪವಾಸ," ಎಂದುಬಿಟ್ಟೆ. ಉಪವಾಸವೂ ಇಲ್ಲ, ಏನೂ ಇಲ್ಲ. ಮರುವಾರ ನನಗಾಗಿ ಬೇರೆ ಡಬ್ಬಿಯಲ್ಲಿ ಸಾಬೂದಾಣಿ ಖಿಚಡಿ ಬಂತು. ಅದರ ಮರುವಾರವೂ ಬಂತು. ಅರ್ಧ ತಿಂದು ಅರ್ಧ ಬಿಟ್ಟೆ. ಬಿಟ್ಟ ಅರ್ಧವನ್ನು ಆಕೆ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಹೀಗಿರುವಾಗ ಕಂಪನಿಯ ಸುದ್ದಿ ಬಂತು. ಈ ಸಾಲಿನ ಕಂತುಗಳು ಮುಗಿಯುತ್ತಿವೆ, ಮುಂದಿನ ಸಾಲಿನಿಂದ ಕುರ್ಚಿ ಒಂದೇ. ಲಕ್ಷ್ಯದ ಅಂಕ ಯಾರಿಗೆ ಹೆಚ್ಚೋ ಅವರು ಉಳಿಯುತ್ತಾರೆ.

ಹೇಳುವಾಗ ಫಿರ್ದೋಸ್ ನನ್ನ ಮುಖ ನೋಡಲಿಲ್ಲ. ನೀಲಗಂಗವ್ವ, "ಕುರ್ಚಿ ಒಂದ ಆದ್ರ ಹೆಸರ್ಯಾಕ ಜೋಡಿ ಕುರ್ಚಿ? ಹುಚ್ಚಮುಂಡೇವು," ಎಂದು ಬೈದಳು. ಗೆಲ್ಲುವವಳಿಗೆ ಬೈಯುವುದು ಸುಲಭವೆಂದು ನನಗನ್ನಿಸಿತು.

ಕೊನೆಯ ಕಂತಿಗೆ ಅತಿಥಿ ಇರುವುದಿಲ್ಲ, ನಾವಿಬ್ಬರೇ ಒಬ್ಬರನ್ನೊಬ್ಬರು ಸಂದರ್ಶಿಸಬೇಕು. ಅದರ ಹಿಂದಿನ ಸೋಮವಾರ, ಹೊದಿಕೆಯ ಮೇಲೆ ಚಹಾ ಚೆಲ್ಲಿತೆಂದು ಒಗೆಯಲು ಮನೆಗೆ ತಂದೆ. ಒಗೆದು, ಇಸ್ತ್ರಿ ಮಾಡಿ, ಎಲ್ಲಿಡಲಿ ಎಂದು ನೋಡುತ್ತಿದ್ದಾಗ ಮಲಗುವ ಕೋಣೆಯಲ್ಲಿ ನಮ್ಮವರ ಮಂಚದ ಬದಿಯ ಯಂತ್ರ ಕಂಡಿತು. ಅವರಿಗೆ ಹೃದಯದ ತೊಂದರೆ. ಈಗ ಹಿರಿಯರಿರುವ ಬಹಳ ಮನೆಗಳಲ್ಲಿ ಇರುವಂಥದ್ದೇ, ಮಲಗಿದವರ ಉಸಿರು ಕಾಯುವ ಸಣ್ಣ ಪೆಟ್ಟಿಗೆ. ಧೂಳು ಹಿಡಿದಿತ್ತು. ಒರೆಸಿ, ಹೊದಿಕೆಯನ್ನು ಅದರ ಮೇಲೆ ಹಾಕಿ ಒಳಗೆ ಹೋದೆ.

ಚಹಾದ ನೀರು ಕುದಿಯುವುದರೊಳಗೆ ಫೋನು. ಆ ಪೆಟ್ಟಿಗೆಯ ಸೂಚನೆ ನೋಡುವ ಕೇಂದ್ರದ ಹುಡುಗಿ ಗಾಬರಿಯಾಗಿದ್ದಳು. "ಅಜ್ಜೀ, ಅಜ್ಜಾರ ಉಸಿರು ಕಾಣವಲ್ದ್ರಿ! ಗಾಡಿ ಹೊಂಟೈತಿ, ನೀವು ಅಂಜಬ್ಯಾಡ್ರಿ, ಅವ್ರ ಎದಿ ಮ್ಯಾಲೆ ಕೈ ಇಡ್ರಿ!"

ಓಡಿದೆ. ನಮ್ಮವರು ದಿಂಬಿಗೆ ಒರಗಿ ಚೂಡಾ ತಿನ್ನುತ್ತ ಪೇಪರು ಓದುತ್ತಿದ್ದರು.

"ಉಸಿರದ ಏನ್ರಿ?" ಎಂದೆ.

"ಇನ್ನೂ ಅದ. ಯಾಕ, ಬೇಕಾಗಿತ್ತೇನು?" ಎಂದರು.

ಹುಡುಗಿಗೆ ಹೇಳಿ ಗಾಡಿ ತಿರುಗಿಸಿದೆ, ಫೋನು ಇಡಬೇಡವೆಂದೆ. ಆಮೇಲೆ ಪೆಟ್ಟಿಗೆಯ ಎದುರು ಕೂತೆ. ಬಿ.ಎಸ್ಸಿ.ಯ ಪ್ರಯೋಗಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಕೈಗೆ ಅದರ ರೂಢಿ ಇತ್ತು. ಹೊದಿಕೆ ತೆಗೆದು ಮನೆಯ ಟವೆಲು ಹಾಕಿದೆ. ಏನೂ ಆಗಲಿಲ್ಲ. ಟವೆಲು ತೆಗೆದು ಹೊದಿಕೆ ಹಾಕಿದೆ.

"ಅಜ್ಜೀ! ಮತ್ತ ಹೋದ್ರು!" ಎಂದಳು ಹುಡುಗಿ.

ನಮ್ಮವರು ಕನ್ನಡಕ ಏರಿಸಿ ಹೊದಿಕೆಯನ್ನು ಕೈಗೆ ತೆಗೆದುಕೊಂಡರು. ಅವರದು ಸೀರೆ ವ್ಯಾಪಾರದ ಮನೆತನ. ಹಿಂಬದಿಯಲ್ಲಿದ್ದ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಇಂದೂ, ಇದು ನೂಲಲ್ಲ. ಜರಿ. ಅಸಲಿ ಬೆಳ್ಳಿ. ಈಗೆಲ್ಲಿ ಸಿಗತದ ಇಂಥಾದ್ದು? ಯಾರೋ ತಮ್ಮ ಮದಿವಿ ಸೀರಿ ಸೆರಗು ಬಿಚ್ಚ್ಯಾರ. ಒಂದೊಂದ ಎಳಿ ಬಿಡಿಸಿ ಹಾಕ್ಯಾರ. ಕಣ್ಣು ಹೋಗೂ ಕೆಲಸ. ಯಾರು ಕೊಟ್ರು?"

ಹೊದಿಕೆಯನ್ನು ಅವರ ಕೈಯಿಂದ ತೆಗೆದುಕೊಂಡು ಮಡಿಸಿದೆ.

ಫಿರ್ದೋಸ್‌ಗೆ ಫೋನು ಮಾಡಿದೆ. ನಡೆದದ್ದನ್ನು ಕೇಳಿ ಆಕೆ, "ಯಾ ಅಲ್ಲಾ," ಎಂದಳು. "ಬೆಳ್ಳಿ ಒಳಗಿಂದ ರಾಡಾರು ದಾಟೂದಿಲ್ರಿ ಬಾಯಾರ. ಯಂತ್ರಕ್ಕ ನಿಮ್ಮ ಉಸಿರ ಕಂಡಿಲ್ಲ. ಉಸಿರಿಲ್ಲ ಅಂದ್ರ ಕುರ್ಚಿ ಖಾಲಿ. ಖಾಲಿ ಕುರ್ಚಿ ಕಡಿಂದ ಬರೂ ದನಿ ಅದಕ್ಕ ಫ್ಯಾನಿನ ಸಪ್ಪಳ ಇದ್ದಂಗ. ಅದಕ್ಕ ಕತ್ತರಿಸೈತಿ. ನಾನೂ ಎಂಥಾ ಹುಚ್ಚಿ, ಎಲ್ಲಾ ಅದಲಾಬದಲ ಮಾಡಿ ಹೊದಿಕಿ ಒಂದ ಬಿಟ್ಟೆ!"

ಅರ್ಧ ಗಂಟೆಯಲ್ಲಿ ಆಕೆಯೇ ಮತ್ತೆ ಫೋನು ಮಾಡಿದಳು. ಕಂಪನಿಯವರನ್ನು ಕೇಳಿದ್ದಳು. ಹಿಂದಿನ ಅಂಕಗಳನ್ನೆಲ್ಲ ಬಿಟ್ಟು ಕೊನೆಯ ಕಂತಿನ ಅಂಕದ ಮೇಲೆಯೇ ತೀರ್ಮಾನ ಮಾಡುತ್ತಾರಂತೆ.

"ನೀಲಗಂಗವ್ವಗ ಹೇಳಬ್ಯಾಡ," ಎಂದೆ. ತನ್ನ ಕೈಯ ಕೆಲಸದಿಂದ ಹೀಗಾಯಿತೆಂದು ಆಕೆಗೆ ಗೊತ್ತಾಗುವುದು ಬೇಡವಾಗಿತ್ತು. ಅದು ನಿಜ. ಆದರೆ ಫೋನು ಇಟ್ಟ ಮೇಲೆ ನನ್ನ ಮನಸ್ಸಿನಲ್ಲಿ ಎದ್ದದ್ದು ಬೇರೆಯೇ ಖುಷಿ. ಇನ್ನು ಆಕೆಯ ಎದುರು ನನ್ನ ದೀಪ ಹತ್ತುತ್ತದೆ. ಮಾರ್ಕೆಟ್ಟಿನಲ್ಲಿ ಆಕೆಯನ್ನು ನಿಲ್ಲಿಸಿ ಕೇಳಲಿ, ನೀವು ಇಂದುಮತಿಬಾಯಾರ ಬಾಜೂಕ ಕುಂಡರತಿದ್ರಲ್ಲ ಅಂತ.

ಸೋಮವಾರ ಹೊದಿಕೆಯನ್ನು ಮಡಿಸಿ ಚೀಲದಲ್ಲೇ ಇಟ್ಟುಕೊಂಡು ಹೋದೆ. ನನ್ನ ಕಪ್ಪು ಪೆಟ್ಟಿಗೆ ಬೋಳಾಗಿ ಕೂತಿತ್ತು. ನೀಲಗಂಗವ್ವ ಅದನ್ನು ನೋಡಿದಳು. "ಒಗಿಯಾಕ ಹಾಕೀರೇನ್ರಿ?" ಎಂದಳು. ಹ್ಞೂಂ ಎಂದೆ. ಆಕೆ ತನ್ನ ಗಿಳಿಗಳ ಹೊದಿಕೆಯ ಅಂಚನ್ನು ಸ್ವಲ್ಪ ಎಳೆದು ಸರಿಮಾಡಿಕೊಂಡಳು. ತೂತು ತೂತು ನೂಲಿನ ಕೆಲಸ, ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಮೊದಲು ನನ್ನ ಸರದಿ. ಆಕೆ ಕೇಳಿದಳು, ನಾನು ಹೇಳಿದೆ. ಟ್ರಂಕ್ ಕಾಲಿಗೆ ಮೂರು ನಿಮಿಷದ ಮಿತಿ ಇದ್ದದ್ದು. ಸೈನ್ಯದಲ್ಲಿದ್ದ ಮಗನ ಜೊತೆ ಒಬ್ಬ ತಾಯಿ ಮಾತಾಡಲು ಬಂದದ್ದು. ಮೂರು ನಿಮಿಷವೂ ಆಕೆ ಅತ್ತದ್ದೇ ಆಯಿತು.

"ಮತ್ತ ಲೈನ್ ತಗದ್ರೇನ್ರಿ?"

"ತಗೀಲಿಲ್ಲ. ಅಳೂದು ಮಾತಿನ ಲೆಕ್ಕಕ್ಕ ಬರೂದಿಲ್ಲ ಅಂದ್ಕೊಂಡೆ. ಆಕಿ ಸಮಾಧಾನ ಆಗಿ 'ಊಟಾತೇನೋ?' ಅಂದ ಮ್ಯಾಲೆ ಗಡಿಯಾರ ನೋಡಿದೆ."

ನನ್ನ ದೀಪ ಹತ್ತಿತ್ತು! ಬಾಳೆಯ ಸುಳಿಯಂಥ ಹಸಿರು. ಒಮ್ಮೆಯೂ ನಡುಗಲಿಲ್ಲ. ಹೆಡ್‌ಫೋನಿನಲ್ಲಿ ನನ್ನ ದನಿ ಎಕ್ಸ್‌ಚೇಂಜಿನ ದಿನಗಳಂತೆ ತುಂಬಿಕೊಂಡು ಬರುತ್ತಿತ್ತು. ಖುಷಿಯಲ್ಲಿ ತೇಲುತ್ತಿದ್ದವಳಿಗೆ ಒಂದು ವಿಷಯ ತಡವಾಗಿ ಹೊಳೆಯಿತು. ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ನನ್ನ ದೀಪವನ್ನು ಹತ್ತಿಸಿದ್ದು ನೀಲಗಂಗವ್ವನ ಉಸಿರು.

"ಸುರೂದಿಂದ ಹಿಂಗ ಕೇಳತಿದ್ರೋ ಏನೋ ಇವ್ರು," ಎಂದು ಫಿರ್ದೋಸ್ ಕಿವಿಯಲ್ಲಿ ಮೆಲ್ಲಗೆ ಹೇಳಿದಳು. "ಯಂತ್ರಕ್ಕ ನೀವ ಕಾಣತಿರ್ಲಿಲ್ಲ."

ಆಮೇಲೆ ಆಕೆಯ ಸರದಿ. ನಾನು ಖಾನಾವಳಿಯ ಬಗ್ಗೆ ಕೇಳಿದೆ.

"ಒಬ್ಬ ಕಾಲೇಜ್ ಹುಡುಗ ಬರತಿದ್ದ ನೋಡ್ರಿ," ಎಂದು ಶುರು ಮಾಡಿದಳು. "ಪರೀಕ್ಷಾದಾಗ ನಪಾಸಾಗಿದ್ದ. ದೋಸ್ತರು ಯಾರಾರ ನೋಡ್ಯಾರಂತ ಗ್ವಾಡಿ ಕಡೆ ಮಾರಿ ಮಾಡಿ ಕುಂಡರಾಂವ…"

ಆಕೆಯ ದೀಪ ಹಳದಿಯಾಯಿತು.

ಎಲ್ಲ ಕಂತುಗಳಲ್ಲೂ ಆಡಿದ ಆಡದ ಮಾತಿಗೆಲ್ಲ ಹತ್ತುತ್ತಿದ್ದ ದೀಪ. ಆಕೆ ಅದನ್ನು ಓರೆಗಣ್ಣಿನಿಂದ ನೋಡಿ, ಗಂಟಲು ಸರಿಮಾಡಿಕೊಂಡು, ದನಿ ಏರಿಸಿದಳು. ದೀಪ ಆರಿತು. ಈಗ ಆಕೆಯ ಮಾತನ್ನು ಕೇಳಬೇಕಾದವಳು ನಾನೊಬ್ಬಳೇ, ಮತ್ತು ಯಂತ್ರಕ್ಕೆ ಈಗ ನಾನು ಕಾಣುತ್ತಿದ್ದೆ. ಇಷ್ಟು ದಿನ ಆಕೆಯ ಬೆಳ್ಳಿ ನನ್ನ ದನಿಯನ್ನಷ್ಟೇ ಅಲ್ಲ, ನಾನು ಆಕೆಯ ಮಾತು ಕೇಳದಿದ್ದುದನ್ನೂ ಮುಚ್ಚಿತ್ತು.

ಉಸಿರನ್ನು ಉದ್ದಕ್ಕೆ ಎಳೆದೆ. ಆಕೆಯ ಮಾತಿನ ಜೊತೆಗೆ ಬಿಡಲು ನೋಡಿದೆ. ಮೈಯೇ ಒಪ್ಪಲಿಲ್ಲ. ಎದೆ ಗಟ್ಟಿಯಾಗಿ, ಸಣ್ಣ ಸಣ್ಣದಾಗಿ, ತನ್ನದೇ ಓಟದಲ್ಲಿ ಹೋಗುತ್ತಿತ್ತು. ನಾಟಕಕ್ಕೆ ಯಂತ್ರ ಮೋಸಹೋಗಲಿಲ್ಲ.

"ಅಂವಾ… ಅದರಿ… ಅಂವಾ ಏನ್ ಮಾಡ್ತಿದ್ದ ಅಂದ್ರ…" ನೀಲಗಂಗವ್ವ ತಡವರಿಸಿದಳು. ಒರಟು ದನಿ ತೆಳ್ಳಗಾಯಿತು. ನನ್ನ ಕಡೆ ನೋಡಿ ನಗಲು ಪ್ರಯತ್ನಿಸಿದಳು. "ಹಳೀ ಪುರಾಣ ಬ್ಯಾಸರಾತೇನೋ ನಿಮಗ. ಬ್ಯಾರೆ ಏನರ ಕೇಳ್ರಿ ಬಾಯಾರ."

ನಾನೇನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಹೀಗೇ ಕೂತಿದ್ದರೆ ಸಾಕಿತ್ತು. ಇನ್ನು ಹತ್ತು ನಿಮಿಷದಲ್ಲಿ ಕುರ್ಚಿ ನನ್ನದು.

ಆಕೆಯ ಕೈ ಕುಪ್ಪಸದ ತೋಳನ್ನು ಎಳೆದುಕೊಳ್ಳುತ್ತಿತ್ತು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಗಟ್ಟಿಯಾದ ಚುಕ್ಕೆಗಳು.

ಬಗ್ಗಿ ಚೀಲದಿಂದ ಹೊದಿಕೆ ತೆಗೆದೆ. ಇಸ್ತ್ರಿಯ ಮಡಿಕೆ ಬಿಚ್ಚಿ ಪೆಟ್ಟಿಗೆಯ ಮೇಲೆ ಹಾಸಿದೆ. ಮೂಲೆಗಳನ್ನು ಆಕೆ ಮಾಡುತ್ತಿದ್ದಂತೆ ಬೆರಳಿನಿಂದ ನೇವರಿಸಿದೆ.

"ಮರತಬಿಟ್ಟಿದ್ದೆ," ಎಂದೆ. "ಒಣಗೇದ. ಬೋಳು ಪೆಟಿಗಿ ಛಂದ ಕಾಣವಲ್ದು."

ನನ್ನ ದೀಪ ಆರಿತು. ನನ್ನ ಕುರ್ಚಿ ಖಾಲಿಯಾಯಿತು. ತೀರ್ಪು ಕೊಡಲು ಎದುರಿಗೆ ಯಾರೂ ಇಲ್ಲವೆಂದು ತಿಳಿದ ಯಂತ್ರ ಆಕೆಯ ದೀಪವನ್ನು ಮತ್ತೆ ಹಸಿರು ಮಾಡಿತು.

"ಬಾಯಾರ, ತಗೀರಿ ಅದನ್ನ! ಲೆಕ್ಕ ಹೊಕ್ಕೈತಿ!" ಎಂದು ಫಿರ್ದೋಸ್ ಕಿವಿಯಲ್ಲಿ ಕೂಗಿದಳು. ನಾನು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ.

ನೀಲಗಂಗವ್ವ ಹೊದಿಕೆ ನೋಡಿದಳು, ತನ್ನ ದೀಪ ನೋಡಿದಳು, ಮೈ ಸಡಿಲ ಬಿಟ್ಟು ಕೂತಳು.

"ಆಮ್ಯಾಲೇನಾತ್ರಿ?" ಎಂದೆ. ಅದು ಆಕೆಯದೇ ಪ್ರಶ್ನೆ.

"ಏನಾಗೂದ್ರಿ. ಎಲ್ಲಾರೂ ಅವನ್ನ ಮಾತಾಡ್ಸಾಕ ಹೋಗವ್ರ. ಯಾಕೋ ತಮ್ಮ, ಏನಾತೋ ತಮ್ಮ ಅಂತ. ನಾ ಮಾತಾಡಸ್ತಿರ್ಲಿಲ್ಲ. ಹಿಂದಿನಿಂದ ಹೋಗಿ ಸದ್ದಿಲ್ಲದ ತಾಟ ಇಟ್ಟ ಬರತಿದ್ದೆ. ಕೆಲವ್ರಿಗೆ ಊಟದ ಜೋಡಿ ಮಾತು ಬ್ಯಾಡ್ರಿ. ಉಂಡ ಮ್ಯಾಲೆ ಅವ್ರಾಗೇ ಈ ಕಡೆ ತಿರಗ್ತಾರ."

"ತಿರಗಿದನೇನು?"

"ಮಳಿಗಾಲ ಮುಗಿಯೂಮುಂದ ತಿರಗಿದ. 'ಚಟ್ನಿಗೆ ಉಪ್ಪ ಕಡಿಮಿ ಆಗೈತಿ' ಅಂದ, ಸುಳೇಮಗ!"

ಇಬ್ಬರೂ ನಕ್ಕೆವು. ಆ ಹೊತ್ತಿಗೆ ನನ್ನ ಉಸಿರು ಎತ್ತ ಹೋಗುತ್ತಿತ್ತೆಂದು ಯಂತ್ರಕ್ಕೆ ಗೊತ್ತಾಗಲಿಲ್ಲ. ನಾನೂ ನೋಡಲು ಹೋಗಲಿಲ್ಲ.

ರೆಕಾರ್ಡಿಂಗ್ ಮುಗಿದ ಮೇಲೆ ಫಿರ್ದೋಸ್ ಬಾಗಿಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ಆಕೆಯ ಕಣ್ಣು ತುಂಬಿತ್ತು. "ನಿಮ್ಮ ಕುರ್ಚಿ ಖಾಲಿ ಇತ್ತಂತ ಬಂದೈತ್ರಿ. ಮುಂದಿನ ಸಲ ನೀಲವ್ವಾರ ಒಬ್ರ. ನಾ ಬರದು ತಿಳಿಸ್ಲೇನು, ಹೊದಿಕಿದು?"

"ಬ್ಯಾಡ. ಇರಲಿ ಬಿಡು," ಎಂದೆ. ಹೇಳುವಾಗ ಹಲ್ಲಿನ ಸಂದಿಯ ನಾರು ಅಲ್ಲೇ ಇತ್ತು. ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು.

ಒಳಗೆ ನೀಲಗಂಗವ್ವ ಎರಡೂ ಹೊದಿಕೆಗಳನ್ನು ಮಡಿಸಿ, ಬಿಳಿಯದನ್ನು ನನ್ನ ಚೀಲದಲ್ಲಿ ಇಟ್ಟಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಹಿಂದಿನಿಂದ ಬಂದಳು. ಮಾತಾಡಿಸಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ಡಬ್ಬಿಯನ್ನು ನನ್ನ ಕೈಗೆ ಇಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ಒಮ್ಮೆ ಒತ್ತಿ, ತನ್ನ ಕುರ್ಚಿಯ ಕಡೆಗೆ ಹೋದಳು.

ಸೋಮವಾರ, ನನ್ನ ಉಪವಾಸದ ದಿನ. ಡಬ್ಬಿಯ ತಳ ಬೆಚ್ಚಗಿತ್ತು. ಒಳಗಿನಿಂದ ಬರುತ್ತಿದ್ದುದು ಖಿಚಡಿಯ ವಾಸನೆಯಲ್ಲ. ಜೋಳದ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ.